ಮೊದಲ ತಾಟು ಶೇವಂತಾಳದು

ಅಂಬಣ್ಣಾ,

ನಿನ್ನ ಹೆಂಡತಿ ಶೇವಂತಾಳನ್ನು ಕರೆದುಕೊಂಡು ಬೆಳಗಿನ ಮೋಟಾರಿಗೆ ಕಮಲಾಪುರಕ್ಕೆ ಹೊರಟಿದ್ದೇನೆ, ನಾಡಿ ನೋಡಿ ಬೇರು ಕೊಡುವ ಜೈನಾಬಿಯ ಮನೆಗೆ. ಪೊಲೀಸ್ ಆಕ್ಷನ್ನಿನ ಹೊಡೆದಾಟ ಆದ ಮೇಲೆ ಆ ಮುಸಲ್ಮಾನರ ಓಣಿಗೆ ಹೋಗಬಾರದೆಂದು ನೀನು ಹೇಳಿದ್ದು ನೆನಪಿದೆ. ಹೋದ ವಾರವೂ ನಿನಗೆ ಹೇಳದೆ ಹೋಗಿದ್ದೆವು. ಆಕೆ ಬಾಗಿಲ ಸಂದಿಯಿಂದ ನೋಡಿ, ಗುರುತು ಹಿಡಿದ ಮೇಲೆಯೇ ಅಗಳಿ ತೆಗೆದಳು.

ಎರಡು ಬಸಿರು ಇಳಿದುಹೋಗಿವೆ, ಈ ಮೂರು ತಿಂಗಳಿನದಾದರೂ ನಿಲ್ಲುವಂಥ ಬೇರು ಕೊಡು ಎಂದೆ. ಜೈನಾಬಿ ಶೇವಂತಾಳ ನಾಡಿ ಹಿಡಿದು, "ಬೇರು ಆಮ್ಯಾಲ ಕೊಡ್ತೀನಿ ಕಸ್ತೂರಿಬಾಯಿ. ಈಕಿ ದಿನಾ ಯಾವಾಗ ಉಣ್ತಾಳ, ಅದು ಮೊದಲ ಹೇಳ್ರಿ" ಅಂದಳು. ಶೇವಂತಾ ನನ್ನ ಮುಖ ನೋಡಿದಳು.

"ಗೊತ್ತಾತು ಬಿಡ್ರಿ. ಎಲ್ಲಾರ ಹಿಂದ ಗಡಿಗಿ ತಳ ಕೆರೆದು ತಿನ್ನೋ ಹೊಟ್ಯಾಗ ಕೂಸು ಹ್ಯಾಂಗ ನಿಂದರತಾದ?"

ನಾನೂ ಹಾಗೆಯೇ ಉಂಡು ಬಂದವಳು, ಅವಳಿಗೂ ಅದನ್ನೇ ಕಲಿಸಿದೆ. ಒಂದು ವಾರ ಹಿಂದುಮುಂದು ನೋಡಿದೆ. ಇನ್ನು ಸಾಕು.

ಬಿಸಿ ರೊಟ್ಟಿ ಅವಳಿಗೆ ಎದುರು ಕೂತು ಉಣಿಸಿದ್ದೇನೆ. ಉಳಿದವು ಬುಟ್ಟಿಯಲ್ಲಿವೆ, ಪುಂಡಿಪಲ್ಯ ಒಲೆಯ ಪಕ್ಕದಲ್ಲಿದೆ. ಆರಿವೆ ಎಂದು ಮುಖ ತಿರುಗಿಸಬೇಡ. ನಿಮ್ಮಪ್ಪ ಕೇಳಿದರೆ ಇದನ್ನೇ ಓದಿ ಹೇಳು, ಮೆತ್ತಗೆ ಮಾಡಿ ಹೇಳಬೇಡ. ನಾಲ್ಕು ಕೊಡ ನೀರು ಸೇದಿಡು. ಅವಳು ಇನ್ನು ಬಾವಿಗೆ ಹೋಗುವುದಿಲ್ಲ.

ಸಂಜೆ ಬಂದ ಕೂಡಲೇ ಅಡುಗೆಗೆ ಇಡುತ್ತೇನೆ. ಮೊದಲ ತಾಟು ಅವಳದು. ಹಸಿವಾದರೆ ಸ್ವಲ್ಪ ತಡೆದುಕೋ. ಅವಳು ಆರು ವರ್ಷ ತಡೆದುಕೊಂಡಿದ್ದಾಳೆ.

ಅವ್ವ