ಕೊನೆಯ ಸಾಲಿನ ಡಬ್ಬ

ಗುರುವಾರ, ಮಧ್ಯಾಹ್ನ
ಹಬ್ಬಕ್ಕೆ ಇನ್ನು ಮೂರು ದಿನ

ಮಗಳು ಕಡ್ಡಿಗೆ ಅಮ್ಮನ ಆಶೀರ್ವಾದಗಳು.

ನಾನು ಹೇಗಿದ್ದೇನೆ ಎಂದು ಕೇಳಿದ್ದೀಯ. ಮೈ ಚೆನ್ನಾಗಿದೆ. ಮೊಣಕಾಲು ಸುಮಾರು. ಮೂಗು ಮಾತ್ರ ಈ ವಾರ ನರಕ ನೋಡಿ ಬಂದಿದೆ. ಯಾಕೆಂದು ಬರೆಯುತ್ತೇನೆ.

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಉತ್ತರ ಬರೆಯಲಿಲ್ಲ, ಕೆಲಸವಿತ್ತು. ವಸಂತ ಬಂತೆಂದರೆ ಚರ್ಚಿನ ಕೆಲಸವೆಲ್ಲ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ನಿನಗೆ ಗೊತ್ತು. ಪುನರುತ್ಥಾನದ ಬೆಳಿಗ್ಗೆ ನಾವು ಮೂವರೂ, ಗಂಡ ಹೆಂಡತಿ ಮಗು, ನಮ್ಮ ಬೆಂಚಿನಲ್ಲಿ ಕೂರಬಹುದೇ, ಬೇಡವೆಂದರೆ ಇನ್ನು ಯಾವತ್ತೂ ಕೇಳುವುದಿಲ್ಲ ಎಂದು ನೀನು ಬರೆದ ಸಾಲು ಓದಿದೆ. ಓದಿ ಡ್ರಾಯರಿನಲ್ಲಿಟ್ಟೆ. ಅದಕ್ಕೆ ಉತ್ತರ ಈ ಪತ್ರದ ಕೊನೆಯಲ್ಲಿದೆ. ಮೊದಲು ಪೂರ್ತಿ ಓದು. ಯಾವ ಪುಸ್ತಕ ಕೊಟ್ಟರೂ ಕೊನೆಯ ಪುಟವನ್ನೇ ಮೊದಲು ತಿರುಗಿಸುವ ಚಾಳಿ ನಿನ್ನದು.

ಈ ವರ್ಷ ಚರ್ಚಿನ ಅವಸ್ಥೆ ನೋಡಿದ್ದರೆ ನಿನಗೂ ಹೇಸಿಗೆಯಾಗುತ್ತಿತ್ತು. ಹೊಸ ಪಾದ್ರಿಗಳ ಹೆಂಡತಿ ನಗುನಗುತ್ತಾ ಬಂದು ಎರಡು ಚೀಲ ಪ್ಲಾಸ್ಟಿಕ್ ಹೂ ಸುರಿದಳು. ಹೊರಗೆ ಮರವೆಲ್ಲ ಚಿಗುರಿದೆ, ಗೇಟಿನ ಬಳ್ಳಿಯ ತುಂಬ ಜೇನುಹುಳು. ಒಳಗೆ ಶಿಲುಬೆಯ ಬುಡದಲ್ಲಿ ಪ್ಲಾಸ್ಟಿಕ್. ಅದೂ ಹೊಸದಲ್ಲ. ಎಸಳಿನ ಸಂದಿಯಲ್ಲಿ ಯಾವ ಕಾಲದ್ದೋ ಧೂಳು ಜಿಡ್ಡುಗಟ್ಟಿ ಕೂತಿದೆ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. "ಆಂಟಿ, ಇದು ಬಾಡೋದೇ ಇಲ್ಲ ನೋಡಿ" ಅಂದಳು. ಅರಳೋದೂ ಇಲ್ಲವಲ್ಲಮ್ಮ ಅಂದೆ. ಅದಕ್ಕೂ ನಕ್ಕಳು. ಎಲ್ಲದಕ್ಕೂ ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮಕ್ಕಳಿಗೆ ಮೊಟ್ಟೆಗೆ ಬಣ್ಣ ಹಚ್ಚಲು ಕೊಟ್ಟಳು. ಒಳ್ಳೆಯ ಕೆಲಸವೇ, ನಾನೂ ನಿಮಗೆಲ್ಲ ಮಾಡಿಸಿದ್ದೇನೆ. ಆದರೆ ಬೇಯಿಸದ ಮೊಟ್ಟೆ ಕೊಡುವ ಬುದ್ಧಿವಂತೆಯನ್ನು ಈ ವಯಸ್ಸಿನಲ್ಲಿ ಮೊದಲ ಸಲ ನೋಡಿದೆ. ಮೂರು ಒಡೆದು ಬೆಂಚಿನ ಸಂದಿಗೆ ಇಳಿದವು. ಅರ್ಧ ದಿನ ಮೊಣಕಾಲೂರಿ ಚಾಕುವಿನಿಂದ ಕೆರೆದವಳು ನಾನು. ಹಾಡಿನ ಮೇಷ್ಟ್ರು ಬೇರೆ ಆರ್ಗನ್ ಮುಂದೆ ಅಭ್ಯಾಸಕ್ಕೆ ಕೂತ ಕೂಡಲೇ ಬೂಟು ಬಿಚ್ಚುತ್ತಾನೆ. ಅವನ ಕಾಲುಚೀಲ ನೀರು ಕಂಡು ಎಷ್ಟು ದಿನವಾಯಿತೋ ದೇವರಿಗೇ ಗೊತ್ತು. ಅಂಥ ಕಾಲಿಟ್ಟುಕೊಂಡು ಸ್ತೋತ್ರ.

ಡಬ್ಬಗಳ ಪದ್ಧತಿಯೊಂದು ಕೆಟ್ಟಿಲ್ಲ. ನಾನಿರುವ ತನಕ ಕೆಡುವುದೂ ಇಲ್ಲ. ಚಳಿ ಮುಗಿಯುವ ಮೊದಲೇ ಒಬ್ಬೊಬ್ಬರಿಗೆ ಒಂದೊಂದು ಡಬ್ಬ, ಒಂದೊಂದು ಲಿಲ್ಲಿ ಗೆಡ್ಡೆ. ಮನೆಯಲ್ಲಿ ಬೆಳೆಸಿ, ಹಬ್ಬಕ್ಕೆ ಒಂದು ವಾರ ಮೊದಲು, ಗರಿಗಳ ಭಾನುವಾರ, ಪೀಠದ ಮುಂದೆ ಸಾಲಾಗಿ ತಂದಿಡುವುದು. ಹಬ್ಬದ ಬೆಳಿಗ್ಗೆ ಪಾದ್ರಿಗಳು ಡಬ್ಬದ ಮೇಲಿನ ಹೆಸರು ಓದಿದ ಹಾಗೆ ಒಬ್ಬೊಬ್ಬರೇ ಎದ್ದು ಹೋಗಿ ತಮ್ಮ ಹೂವನ್ನು ಎತ್ತಿ ಹಿಡಿಯುವುದು. ಮೂವತ್ತು ವರ್ಷದಿಂದ ಬಂದ ಹೊಸಬರಿಗೆಲ್ಲ ಗೆಡ್ಡೆ ನೆಡುವುದು ಹೇಳಿಕೊಟ್ಟವಳು ನಾನೇ. ಮೂತಿ ಮೇಲೆ, ಬೇರು ಕೆಳಗೆ ಎಂದು ನಿನಗೂ ಹೇಳಿಕೊಟ್ಟದ್ದು ನೆನಪಿರಬೇಕು.

ನಿನ್ನ ನೀಲಿ ಬಿಸ್ಕತ್ತು ಡಬ್ಬ, ನಿಮ್ಮಪ್ಪ ಬಿಳಿ ಬಣ್ಣದಲ್ಲಿ "ಕಡ್ಡಿ" ಎಂದು ಬರೆದಿದ್ದು, ಎಸೆದುಬಿಟ್ಟೆ ಎಂದು ನಾಲ್ಕು ವರ್ಷದ ಹಿಂದೆ ನೀನು ಮದುವೆಯಾಗಿ ಹೋದಾಗಲೇ ಎಲ್ಲರಿಗೂ ಹೇಳಿದ್ದೇನೆ. ನಿನ್ನ ಕಿವಿಗೂ ಬಿದ್ದಿರುತ್ತದೆ. ಅದರ ವಿಷಯ ಆಮೇಲೆ.

ಈ ಸೋಮವಾರ ಬೆಳಿಗ್ಗೆ ಚರ್ಚಿನ ಬಾಗಿಲು ತೆರೆದರೆ ಗಪ್ಪೆಂದು ಮೂಗಿಗೆ ಬಡಿಯಿತು. ಎಂಥ ನಾತ ಎಂದು ಹೇಗೆ ಹೇಳಲಿ. ಸಿಹಿಯೂ ಅಲ್ಲದ, ಹುಳಿಯೂ ಅಲ್ಲದ, ಗಂಟಲಿನ ಹಿಂದೆ ಹೋಗಿ ಕೂರುವ ಕೊಳೆತ ನಾತ. ಮೊದಲು ಮೊಟ್ಟೆ ಅಂದುಕೊಂಡೆ. ಬೆಂಚುಗಳನ್ನು ಮತ್ತೆ ತೊಳೆಸಿದೆ. ಆಮೇಲೆ ಮೇಷ್ಟ್ರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದೆ, ಬೂಟು ಹಾಕಿಕೊಂಡು ನುಡಿಸಿ ಎಂದು. ಅವನ ಮುಖ ಕೆಂಪಾಯಿತು. ಗಂಟೆ ಹೊಡೆಯುವವನ ಊಟದ ಚೀಲ ಬಿಚ್ಚಿಸಿ ನೋಡಿದೆ. "ಅಮ್ಮಾ, ಬರೀ ಬ್ರೆಡ್ಡು. ಬ್ರೆಡ್ಡು ನಾರುತ್ತಾ?" ಅಂದ. ಪಾದ್ರಿಗಳ ಹೆಂಡತಿ ಗುಲಾಬಿ ವಾಸನೆಯ ಡಬ್ಬಿ ತಂದು ಪುಸಪುಸ ಹೊಡೆದಳು. ಹೆಣಕ್ಕೆ ಅತ್ತರು ಹಚ್ಚಿದಂತಾಯಿತು. ಮಂಗಳವಾರದ ಪ್ರಾರ್ಥನೆಯಲ್ಲಿ ಎಂಟು ಜನ, ಎಂಟೂ ಜನ ಕರವಸ್ತ್ರದೊಳಗೆ ಆಮೆನ್ ಅಂದರು.

ಎಲ್ಲರ ಕಾಲು ಮೂಸಿದೆ, ಎಲ್ಲರ ಚೀಲ ಮೂಸಿದೆ. ಕಡೆಗೆ ಗಂಟೆಯವನು, ಇದು ಚರಂಡಿನೇ, ಚರಂಡಿಯವರನ್ನ ಕರೆಸಿ ಅಂದ. ಪಾದ್ರಿಗಳು ಕಚೇರಿಗೆ ಫೋನು ಮಾಡಿದರು. ನಿನ್ನೆ ಬುಧವಾರ ಹತ್ತು ಗಂಟೆಗೆ ರಬ್ಬರ್ ಬೂಟು ಹಾಕಿಕೊಂಡು, ಕಬ್ಬಿಣದ ಕೊಕ್ಕೆ ಹಿಡಿದುಕೊಂಡು ಒಬ್ಬ ಬಂದ. ಅಂಗಳದಲ್ಲಿ ಬಗ್ಗಿ ಚರಂಡಿಯ ಮುಚ್ಚಳ ಎತ್ತಿದ. ತಲೆ ಎತ್ತಿದಾಗ ಮುಖ ಕಂಡಿತು. ನಿನ್ನ ಗಂಡ.

ಅವನು ನಿನಗೆ ಹೇಳಿರುವುದಿಲ್ಲ. ಹೇಳಿದ್ದರೆ ನೀನು ನಿನ್ನೆಯೇ ಬಾಗಿಲು ಬಡಿಯುತ್ತಿದ್ದೆ.

ಚರ್ಚಿನವರಿಗೆಲ್ಲ ನನ್ನ ಅಳಿಯ ನೀರಿನ ಇಲಾಖೆಯಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ ಎಂದು ಹೇಳಿಕೊಂಡು ಬಂದವಳು ನಾನು. ಇನ್ನೊಂದನ್ನೂ ಬರೆದುಬಿಡುತ್ತೇನೆ. ಅವನು ಮೊದಲ ಸಲ ಮನೆಗೆ ಬಂದು ಚಹಾ ಕುಡಿದು ಹೋದ ಮೇಲೆ ಆ ಕಪ್ಪನ್ನು ಎರಡು ಬೆರಳಲ್ಲಿ ಹಿಡಿದು ಕಸದ ಬುಟ್ಟಿಗೆ ಹಾಕಿದೆ. ನೀನು ಬಾಗಿಲಲ್ಲಿ ನಿಂತು ನೋಡಿದೆ. ಅತ್ತೆ ಎಂದು ಕರೆಯಬೇಡ ಎಂದು ನಾನು ಅವನಿಗೆ ಹೇಳಿದ್ದನ್ನೂ ನೀನು ಕೇಳಿಸಿಕೊಂಡೆ. ಇದನ್ನು ಈಗ ಎತ್ತುತ್ತಿರುವುದು ಕ್ಷಮೆ ಕೇಳುವುದಕ್ಕಲ್ಲ. ಮುಂದಿನದು ನಿನಗೆ ಸರಿಯಾಗಿ ಅರ್ಥವಾಗಲೆಂದು.

ಅಂಗಳದಲ್ಲಿ ಅಷ್ಟು ಜನರಿದ್ದರು. ಅವನು ನನ್ನನ್ನು ನೋಡಿದ, ಯಾರೋ ಹೊರಗಿನವಳನ್ನು ನೋಡಿದ ಹಾಗೆ. "ಅಮ್ಮನವರೇ, ಸ್ವಲ್ಪ ದಾರಿ ಬಿಡಿ" ಅಂದ. ಅಷ್ಟೇ. ಚರಂಡಿಯ ಬಾಯಿಗೆ ಮುಖವಿಟ್ಟು ಮೂಸಿದ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅವನು ನಿಧಾನವಾಗಿ ಎದ್ದು, ಒಳಗೆ ನೋಡಬೇಕು, ಎಲ್ಲರೂ ಹೊರಗಿರಿ ಅಂದ. ಎಲ್ಲರೂ ಹೊರಗೆ ಉಳಿದರು. ನಾನು ಉಳಿಯಲಿಲ್ಲ. ಪೀಠದ ವಸ್ತ್ರ ಒಗೆದು ಇಸ್ತ್ರಿ ಮಾಡಿದವಳು ನಾನು, ಬೂಟುಗಾಲಲ್ಲಿ ಅದರ ಹತ್ತಿರ ಹೋದರೆ ಕಾಯುವವರು ಯಾರು.

ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಒಳಗೆ ಬಂದ. ಅವನ ಕಾಲುಚೀಲ ಬೆಳ್ಳಗಿತ್ತು, ಅದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. ಗೋಡೆಗುಂಟ ಮೂಸುತ್ತಾ ಬಂದ. ಡಬ್ಬಗಳ ಸಾಲಿಗೆ ಬಂದು ನಿಂತ. ಮೊದಲ ಸಾಲು ದಾಟಿದ, ಎರಡನೆಯದು ದಾಟಿದ. ಕೊನೆಯ ಸಾಲಿನ ಮೂಲೆಯಲ್ಲಿ, ಕಂಬದ ಮರೆಗೆ ಇಟ್ಟಿದ್ದ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತ. ಡಬ್ಬವನ್ನು ತಿರುಗಿಸಿ ಹೆಸರು ಓದಿದ.

ಹೌದು, ನಿನ್ನದೇ. ಎಸೆದಿರಲಿಲ್ಲ. ನಾಲ್ಕು ವರ್ಷವೂ ಬಚ್ಚಲಿನ ಹಿಂದೆ ಗೆಡ್ಡೆ ನೆಟ್ಟೆ, ಮೂರು ವರ್ಷ ಹೂ ಬಿಟ್ಟಿತು, ಯಾರಿಗೂ ತೋರಿಸಲಿಲ್ಲ. ಈ ವರ್ಷ ಏಳಲೇ ಇಲ್ಲ. ನಿನ್ನ ಪತ್ರ ಬಂದ ಮೇಲೆ ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದೆ. ಇದು ಮೊಳೆತ ದಿನ ಉತ್ತರ ಬರೆದರಾಯಿತು ಎಂದುಕೊಂಡೆ. ಮೊಳೆಯಲಿಲ್ಲ. ಶನಿವಾರ ಮೀನು ಮಾರುವವಳ ಹತ್ತಿರ ಮೂರು ಮೀನಿನ ತಲೆ ಕೇಳಿ ತಂದು ಗೊಬ್ಬರಕ್ಕೆಂದು ಮಣ್ಣಿನಲ್ಲಿ ಹೂತೆ. ಭಾನುವಾರ ಯಾರೂ ಬರುವ ಮೊದಲೇ ಹೋಗಿ ಮೂಲೆಯಲ್ಲಿ ಇಟ್ಟು ಬಂದೆ. ಆಮೇಲೆ ಊರವರ ಕಾಲು ಮೂಸಲು ಹೊರಟವಳಿಗೆ ತನ್ನ ಡಬ್ಬ ಮೂಸಬೇಕೆಂದು ಹೊಳೆಯಲಿಲ್ಲ. ನನ್ನ ಕೈಯಿಂದ ಹೂತದ್ದು ನಾರುತ್ತದೆ ಎಂದು ನಾನು ಯಾಕೆ ಎಣಿಸಲಿ.

ಅವನು ಮಣ್ಣಿಗೆ ಎರಡು ಬೆರಳು ಹಾಕಿ ಎಳೆದ. ಬಂದದ್ದನ್ನು ವರ್ಣಿಸುವುದಿಲ್ಲ. ಕಣ್ಣಿನ ಗುಳಿಯಲ್ಲಿ ಬಿಳಿ ಹುಳು ಮಿಜಿಮಿಜಿ ಎನ್ನುತ್ತಿತ್ತು, ಇಷ್ಟು ಸಾಕು. ಬೆಕ್ಕು ತಂದು ಹೂತಿರಬೇಕು ಎಂದೆ. ಅಷ್ಟು ಹೊತ್ತಿನಲ್ಲೂ ನನ್ನ ಬಾಯಿಗೆ ಸುಳ್ಳು ಎಷ್ಟು ಸಲೀಸಾಗಿ ಬಂತು ನೋಡು.

ಅವನು ತಲೆ ಎತ್ತಲಿಲ್ಲ. "ಬೆಕ್ಕು ಮೂರು ತಲೆ ಸಾಲಾಗಿ ಹೂಳಲ್ಲಮ್ಮ" ಅಂದ.

ಆಮೇಲೆ ಗೆಡ್ಡೆಯನ್ನೂ ಎತ್ತಿ ನೋಡಿ, ಇದು ತಲೆಕೆಳಗಾಗಿದೆ ಅಂದ. ಹೌದು, ಕಡ್ಡಿ. ಮೂವತ್ತು ವರ್ಷ ಕಲಿಸಿದ ಈ ಕೈ ಬೇರು ಮೇಲೆ ಮಾಡಿ ನೆಟ್ಟಿತ್ತು. ಕಣ್ಣು ಮೊದಲಿನ ಹಾಗಿಲ್ಲ, ಅದನ್ನು ಯಾರಿಗೂ ಹೇಳಿಲ್ಲ. ಮೊಳಕೆ ಬಂದಿತ್ತು. ಕೆಳಮುಖವಾಗಿ ಹೋಗಿ, ಡಬ್ಬದ ತಳಕ್ಕೆ ಬಡಿದು, ಬಾಗಿ, ಬೆರಳುದ್ದ ಬೆಳ್ಳಗೆ ಬೆಳೆದಿತ್ತು. ಅವನು ಹಿತ್ತಲಿನಿಂದ ಬೇರೆ ಮಣ್ಣು ತಂದು, ಡಬ್ಬ ತೊಳೆದು, ಗೆಡ್ಡೆಯನ್ನು ನೆಟ್ಟಗೆ ಮಾಡಿ ನೆಟ್ಟು, ಅದೇ ಮೂಲೆಯಲ್ಲಿ ಇಟ್ಟ. ಮೀನಿನ ತಲೆಗಳನ್ನು ಕಾಗದದಲ್ಲಿ ಸುತ್ತಿಕೊಂಡ. ಹೊರಗೆ ಹೋಗಿ ಎಲ್ಲರಿಗೂ, ಪೈಪಿನಲ್ಲಿ ಇಲಿ ಸತ್ತಿತ್ತು, ತೆಗೆದೆ ಅಂದ. ಗಂಟೆಯವನು ಇಲಿ ತೋರಿಸು ಎಂದು ಹಟ ಹಿಡಿದ. "ನೋಡಿ ಏನ್ಮಾಡ್ತೀರಾ, ನೆಂಟನಾ?" ಎಂದು ನಗಿಸಿ ಕಳಿಸಿದ.

ನಲ್ಲಿಯ ಹತ್ತಿರ ತನ್ನ ಚೀಲದಿಂದ ಸೋಪು ತೆಗೆದು ಮೊಣಕೈ ತನಕ ಎರಡು ಸಲ ತೊಳೆದುಕೊಂಡ. ಉಗುರುಗಳನ್ನು ಬೆಂಕಿಕಡ್ಡಿಯಿಂದ ಒಂದೊಂದಾಗಿ ಕೆರೆದ. ನಾನು ನೋಡುತ್ತಾ ನಿಂತಿದ್ದೆ. ಆಮೇಲೆ, ಯಾರೂ ಇಲ್ಲದಾಗ, ನನ್ನ ಕೈ ಮೂಸಿ ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಶನಿವಾರದ ಮೀನು ಇನ್ನೂ ಇತ್ತು. ನಾಲ್ಕು ದಿನ ಆ ಕೈಯಿಂದಲೇ ಪೀಠದ ವಸ್ತ್ರ ಮಡಿಸಿದ್ದೆ, ಉಂಡಿದ್ದೆ. ಬೇರೆಯವರ ಮೇಲೆ ಹುಟ್ಟಿದ ಹೇಸಿಗೆಯನ್ನು ಉಗಿದು ಕಳೆಯಬಹುದು. ಇದನ್ನು ಎಲ್ಲಿ ಉಗಿಯಲಿ.

ಪಾದ್ರಿಗಳು ಸಂಜೆಯ ಪ್ರಾರ್ಥನೆಯಲ್ಲಿ ಸತ್ತ ಇಲಿಯನ್ನು ತೆಗೆಸಿದ್ದಕ್ಕೆ ದೇವರಿಗೆ ವಂದನೆ ಹೇಳಿದರು. ಮುಂದಿನ ಬೆಂಚಿನಲ್ಲಿ ಕೂತು ಗಟ್ಟಿಯಾಗಿ ಆಮೆನ್ ಅಂದೆ. ಅಂದ ಮೇಲೆ ಒಂದು ಮಾತು ನೆನಪಾಯಿತು. ಸತ್ತು ನಾಲ್ಕು ದಿನವಾದವನನ್ನು ಎಬ್ಬಿಸಲು ಸ್ವಾಮಿಯು ಸಮಾಧಿಯ ಹತ್ತಿರ ಬಂದಾಗ, ಸತ್ತವನ ಅಕ್ಕ ಕಲ್ಲು ಸರಿಸುವುದು ಬೇಡ, ನಾರುತ್ತಾನೆ ಅಂದಳಂತೆ. ಆ ಭಾಗ ಓದುವಾಗೆಲ್ಲ ನಾನು ಆ ಹೆಂಗಸಿನ ಪರ. ಮನೆ ನಡೆಸುವವಳು, ಅಚ್ಚುಕಟ್ಟಿನವಳು, ನಿಜವನ್ನೇ ಹೇಳಿದಳು ಎಂದುಕೊಳ್ಳುತ್ತಿದ್ದೆ. ಅವಳ ಮಾತು ಕೇಳಿ ಕಲ್ಲು ಸರಿಸದೆ ಬಿಟ್ಟಿದ್ದರೆ ತಮ್ಮ ಒಳಗೇ ಇರುತ್ತಿದ್ದ ಎಂದು ಈ ವಯಸ್ಸಿನಲ್ಲಿ ಹೊಳೆಯಿತು.

ಈಗ ನಿನ್ನ ಪ್ರಶ್ನೆಗೆ ಉತ್ತರ. ಭಾನುವಾರ ಬೆಳಗಿನ ಆರಾಧನೆ ಐದೂವರೆಗೆ. ಐದೂಕಾಲಿಗೇ ಇರಬೇಕು, ಸೂರ್ಯ ನಿಮಗಾಗಿ ಕಾಯುವುದಿಲ್ಲ. ನಮ್ಮ ಬೆಂಚು ಈಗ ಮೊದಲನೆಯದು. ಗೋಡೆಯ ಕಡೆಯ ಜಾಗ ನಿಮ್ಮಪ್ಪ ಇದ್ದಾಗ ಅವರದು, ಅಲ್ಲಿ ನಿನ್ನ ಗಂಡ ಕೂರಲಿ. ಮಗುವಿಗೆ ಬೆಚ್ಚಗೆ ಹೊದಿಸಿ ತಾ, ಬೆಳಗಿನ ಗಾಳಿ ಇನ್ನೂ ಚಳಿಯೇ. ಅದು ನನ್ನನ್ನು ಕಂಡು ಅತ್ತರೆ ಬೇಸರವಿಲ್ಲ, ನೀನೂ ಅಳುತ್ತಿದ್ದೆ. ನಿನ್ನ ಡಬ್ಬದಲ್ಲಿ ಹೂ ಇರುವುದಿಲ್ಲ, ಸೊಟ್ಟ ಮೊಳಕೆಯಷ್ಟೇ ಇರುತ್ತದೆ. ಹೆಸರು ಓದಿದಾಗ ಅದನ್ನೇ ಎತ್ತಿ ಹಿಡಿ.

ಅಂಚೆಗೆ ಹಾಕಿದರೆ ಹಬ್ಬ ಕಳೆದ ಮೇಲೆ ತಲುಪುತ್ತದೆಂದು ಗಂಟೆಯವನ ಕೈಯಲ್ಲಿ ಕಳಿಸುತ್ತಿದ್ದೇನೆ. ಲಕೋಟೆಗೆ ಅಂಟು ಜಾಸ್ತಿಯೇ ಹಚ್ಚಿದ್ದೇನೆ. ಹರಿದಿದ್ದರೆ ಹೇಳು.

ನಿನ್ನ ಹಿತವನ್ನೇ ಬಯಸಿದ, ಯಾವಾಗಲೂ ಸರಿಯಾಗಿ ಬಯಸಲು ಬಾರದ,
ಅಮ್ಮ

ತಾ.ಕ. ನಿನ್ನ ಹೆಸರು ಓದುವ ಮೊದಲು ನಾನು ಎದ್ದು ನಿಲ್ಲುತ್ತೇನೆ, ಗಾಬರಿಯಾಗಬೇಡ. ಸತ್ತದ್ದು ಇಲಿಯಲ್ಲ, ಮೀನು. ಹೂತವಳು ನಾನು. ತೆಗೆದವರು ನನ್ನ ಅಳಿಯಂದಿರು. ಅವರದು ಚರಂಡಿಯ ಕೆಲಸ. ಇಷ್ಟು ಹೇಳಿ ಕೂರುತ್ತೇನೆ. ಬೆಳಿಗ್ಗೆಯಿಂದ ಕನ್ನಡಿಯ ಮುಂದೆ ಹೇಳಿ ನೋಡುತ್ತಿದ್ದೇನೆ, ಮೂರನೆಯ ಮಾತಿಗೆ ಬಂದಾಗಲೆಲ್ಲ ಮತ್ತೆ ಮೊದಲಿನಿಂದ ಶುರುಮಾಡುತ್ತೇನೆ. ಗೆಡ್ಡೆ ತಲೆಕೆಳಗಾಗಿದ್ದ ಸಂಗತಿ ಹೇಳುವುದಿಲ್ಲ, ನೀವಿಬ್ಬರೂ ಬಾಯಿ ಬಿಡಕೂಡದು. ಭಾನುವಾರ ನಾನು ಮಾತು ಮುಗಿಸಲಾರದೆ ಸುಮ್ಮನೆ ನಿಂತುಬಿಟ್ಟರೆ, "ಅತ್ತೆ, ಕೂತ್ಕೊಳ್ಳಿ" ಅನ್ನಲು ಅವರಿಗೆ ಹೇಳಿಡು. ಎಲ್ಲರಿಗೂ ಕೇಳಿಸುವ ಹಾಗೆ ಅನ್ನಲಿ.