ಅಕ್ಕಿ ಡಬ್ಬದಲ್ಲಿದ್ದ ಅಡಾಪ್ಟರ್

ಅಮಗಾಸಾಕಿ
ಡಿಸೆಂಬರ್ ೩

ತಕಾನೊರಿ,

ಚಳಿ ಶುರುವಾಯಿತು, ನಿನ್ನ ಕೆಮ್ಮು ಹೇಗಿದೆ? ಹೊಸ ಅಕ್ಕಿ ಕಳಿಸಿದ್ದೇನೆ. ಸುರಿಯುವ ಮುಂಚೆ ಒಳಗೆ ಕೈ ಹಾಕಿ ನೋಡು. ನೀವಿಬ್ಬರೂ ಟಿವಿಗೆ ಜೋಡಿಸಿ ಆಡುತ್ತಿದ್ದ ಹಳೆಯ ಫ್ಯಾಮಿಕಾಮ್ ಆಟದ ಪೆಟ್ಟಿಗೆಯ ಅಡಾಪ್ಟರ್ ಅದರಲ್ಲಿದೆ. ನೀವು ಓದಲು ಕೂರಲಿ ಎಂದು ನಾನು ಅದನ್ನು ಬಚ್ಚಿಡುತ್ತಿದ್ದದ್ದು ಅಕ್ಕಿ ಡಬ್ಬದಲ್ಲೇ.

ನಿನ್ನ ತಂಗಿ ಚಿಜುರುವಿನ ಮಗಳು ಕೊತೊನೆಗೆ ಈಗ ಆ ಆಟಗಳದ್ದೇ ಹುಚ್ಚು. "ಅಜ್ಜಿ, ಅಂಗಡೀಲಿ ಇವನ್ನ ಗಾಜಿನ ಕಪಾಟಲ್ಲಿಟ್ಟು ಮಾರ್ತಾರೆ, ಗೊತ್ತಾ? ಹೊಸಾ ಆಟ ಯಾರಿಗ್ ಬೇಕು!" ಅನ್ನುತ್ತಾಳೆ. ಹೊಸ ವರ್ಷಕ್ಕೆ ಬರುವಾಗ ನಿನ್ನ ಹತ್ತಿರವಿರುವ ಆಟದ ಪೆಟ್ಟಿಗೆ, ಕ್ಯಾಸೆಟ್ ಎರಡನ್ನೂ ತಾ.

ಇನ್ನೊಂದು ಮಾತು. ನೀವು ಶಾಲೆಗೆ ಹೋದ ಮೇಲೆ ನಾನೂ ಆಡುತ್ತಿದ್ದೆ. ಒಂದು ದಿನ ಚಿಜುರು ಶಾಲೆಯಿಂದ ಬೇಗ ಬಂದು ಬಾಗಿಲು ತಟ್ಟಿದಳು. ರೀಸೆಟ್ ಗುಂಡಿ ಒತ್ತಿ ಹಿಡಿದೇ ಆರಿಸಬೇಕು, ಇಲ್ಲದಿದ್ದರೆ ಉಳಿಸಿದ್ದು ಅಳಿಸಿಹೋಗುತ್ತದೆ ಎಂದು ನೀನು ಅವಳಿಗೆ ದಿನಾ ಹೇಳುತ್ತಿದ್ದೆ. ಗಾಬರಿಯಲ್ಲಿ ನನಗೆ ಅದು ನೆನಪಾಗಲಿಲ್ಲ. ವೈರು ಕಿತ್ತು ಡಬ್ಬದೊಳಗೆ ಹಾಕಿದೆ. ಬೇಸಿಗೆಯಿಡೀ ಆಡಿ ಅವಳು ಉಳಿಸಿಟ್ಟಿದ್ದ ಆಟವೆಲ್ಲ ಅಳಿಸಿಹೋಯಿತು. ಅವಳು ನಿನ್ನ ಮೇಲೆ ಅಪ್ಪನಿಗೆ ದೂರು ಹೇಳಿದಳು.

"ನಾನಲ್ಲಪ್ಪ, ನಾನು ಮುಟ್ಟೇ ಇಲ್ಲ" ಎಂದು ನೀನು ಅತ್ತೆ. "ಸುಳ್ಳು ಬೇರೆ ಹೇಳ್ತೀಯೇನೋ?" ಎಂದು ಅಪ್ಪ ನಿನ್ನನ್ನು ಹೊರಗೆ ನಿಲ್ಲಿಸಿದರು. ಒಳಗೆ ನಾನು ಅದೇ ಡಬ್ಬದ ಅಕ್ಕಿ ತೊಳೆಯುತ್ತಿದ್ದೆ. ಮೂರು ಸಲದ ಬದಲು ಏಳು ಸಲ ತೊಳೆದೆ.

ಪ್ರತಿ ಹೊಸ ವರ್ಷಕ್ಕೂ ಚಿಜುರು "ಅಣ್ಣ ನನ್ನ ಆಟ ಅಳಿಸ್ದ" ಎಂದು ಆ ಕಥೆ ತೆಗೆಯುತ್ತಾಳೆ. ಎಲ್ಲರೂ ನಗುತ್ತಾರೆ, ನೀನೂ ನಗುತ್ತೀಯ.

ಈ ಸಲ ಅವಳು ಶುರು ಮಾಡಿದಾಗ ನಗಬೇಡ. ನಾನು ಬಾಯಿ ಬಿಡುವವರೆಗೂ ನನ್ನನ್ನೇ ನೋಡುತ್ತಿರು.

ನಿನ್ನ ಅಮ್ಮ,
ಫುಮಿಯೆ