ಆರಿದ ದೀಪಕ್ಕೆ ಹಂಚಿದ ಪಾಯಸ

ತೇಲುಕೇರಿ, ಕಾರವಾರದ ಕಡಲು
ಇಸವಿ 2203, ಹದಿಮೂರನೆಯ ತಿಂಗಳ ನಾಲ್ಕು

ನಾನಿನ್ನೂ ಹುಟ್ಟದ ಕಾಲದ ಹಿರಿಯರಿಗೆ ಮಂಕಾಳುವಿನ ನಮಸ್ಕಾರ. ನಿಮಗಿಲ್ಲದ ತಿಂಗಳೊಂದರಿಂದ ಬರೆಯುತ್ತಿದ್ದೇನೆ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ಒಬ್ಬೊಬ್ಬರ ಹೆಸರಿಗೂ ಬಾಗಿಲಲ್ಲಿ ಒಂದೊಂದು ನೋವುದೀಪ ಇರುತ್ತದೆ. ಮೈ ನೊಂದರೆ ಅದು ಕೆಂಪಗೆ ಹೊತ್ತಿಕೊಳ್ಳುತ್ತದೆ, ನೋವು ನಿಂತರೆ ಆರುತ್ತದೆ. ಹೀಗಾಗಿ 'ಹೇಗಿದ್ದೀಯಾ' ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳಿದರೆ, ದೀಪ ನೋಡಲು ಕಣ್ಣಿಲ್ಲವೇ ಎನ್ನುತ್ತಾರೆ. ದೀಪ ಆರಿದ ದಿನ ಕೇರಿಗೆಲ್ಲ ಪಾಯಸ ಹಂಚುವುದು ವಾಡಿಕೆ. ಈ ದೀಪಗಳನ್ನು ನೋಡಿಕೊಳ್ಳುವವನು ನಾನು. ಬೆನ್ನು, ನರಗಳ ಶುಶ್ರೂಷೆಯೂ ನನ್ನದೇ.

ನನ್ನಕ್ಕ ಗಣಪಿ ದಿನವಿಡೀ ಬಗ್ಗಿ ಕಡಲಪಾಚಿ ಕೊಯ್ಯುತ್ತಿದ್ದವಳು. ಕಳೆದ ಮಳೆಗಾಲದಲ್ಲಿ ಅವಳ ಸೊಂಟದ ಮೂಳೆಗಳ ನಡುವಿನ ಮೆತ್ತೆ ಜಾರಿ ನರವನ್ನು ಒತ್ತಿತು. ಸೊಂಟದಿಂದ ಪಾದದವರೆಗೆ ಕೆಂಡ ಎಳೆದಂಥ ನೋವು. ಹೆದರಬೇಡ, ಬಹಳ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ ಎಂದೆ. ಮಲಗಿಯೇ ಇರಬೇಡ, ಸ್ವಲ್ಪ ಸ್ವಲ್ಪ ನಡೆ, ಭಾರ ಎತ್ತಬೇಡ ಎಂದೆ. ಶಾಖ ಕೊಟ್ಟೆ. ಅಲ್ಲಿಯವರೆಗೆ ಮಾಡಿದ್ದೆಲ್ಲ ಸರಿಯೇ.

ಹನ್ನೆರಡನೆಯ ದಿನ ಬೆಳಿಗ್ಗೆ ದೀಪ ಆರಿತು. ಕೇರಿಯೇ ಕುಣಿಯಿತು. ನಾನೇ ನಿಂತು ಪಾಯಸ ಬಡಿಸಿದೆ. ಅಕ್ಕ ಬಟ್ಟಲು ಮುಟ್ಟಲಿಲ್ಲ.

"ತಮಾ, ನೋವೇನೋ ಇಲ್ಲ. ಆದ್ರೆ ಚಾಪೆ ಮೇಲೆ ಕೂತದ್ದೇ ತಿಳೀತಿಲ್ಲ. ನಿನ್ನೆಯಿಂದ ಒಂದಕ್ಕೆ ಹೋಗ್ಲಿಕ್ಕೂ ಆಗ್ಲಿಲ್ಲ," ಎಂದಳು.

ತಮ್ಮನೆದುರು ಅಷ್ಟು ಹೇಳಲು ಅವಳಿಗೆಷ್ಟು ನಾಚಿಕೆಯಾಗಿತ್ತೋ! ನಾನೋ, ದೀಪವೇ ಆರಿದ ಮೇಲೆ ಇದೆಂಥ ರಾಗ ತೆಗೆದೆ ಎಂದು ಎಲ್ಲರೆದುರು ನಗೆಯಾಡಿದೆ. ನರ ಸಾಯುವಾಗಲೂ ನೋವು ನಿಲ್ಲುತ್ತದೆ ಎಂದು ಓದಿಕೊಂಡಿದ್ದವನು ನಾನು. ಅಂದೇ ಶಸ್ತ್ರಚಿಕಿತ್ಸೆ ಮಾಡಿಸಿ ಒತ್ತಡ ಬಿಡಿಸಿದ್ದರೆ ಬಹುಶಃ ನರ ಉಳಿಯುತ್ತಿತ್ತು. ನಾನು ಅವಳನ್ನು ಆಸ್ಪತ್ರೆಗೆ ಕರೆದೊಯ್ದದ್ದು ಅದಾದ ಮೂರನೆಯ ದಿನ, ಪಾದ ಎಳೆದುಕೊಂಡು ನಡೆಯತೊಡಗಿದ ಮೇಲೆ.

ಈಗ ಅವಳ ಕೈಯಲ್ಲಿ ಕೋಲಿದೆ, ಮೂತ್ರಕ್ಕೆ ನಳಿಕೆ ಬೇಕು. ನನ್ನನ್ನು ಒಮ್ಮೆಯೂ ಬೈದಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಹಿರಿಯರೇ, ನಿಮ್ಮಲ್ಲಿನ್ನೂ ದೀಪಗಳಿಲ್ಲ, ಬಾಯಿದೆ. ಸೊಂಟ ಹಿಡಿದವರನ್ನು ಕೇಳಿ: ಕಾಲು ಸೋಲುತ್ತಿದೆಯೇ, ತೊಡೆಗಳ ನಡುವೆ ಮರಗಟ್ಟಿದೆಯೇ, ಒಂದಕ್ಕೆ ಎರಡಕ್ಕೆ ತೊಂದರೆಯಿದೆಯೇ? ಹೌದೆಂದರೆ ಆ ಗಳಿಗೆಯೇ ಆಸ್ಪತ್ರೆಗೆ ಕರೆದೊಯ್ಯಿರಿ. ನಾಚಿಕೆ ಆಮೇಲೆ.

ಶಸ್ತ್ರಚಿಕಿತ್ಸೆಯ ಗಾಯ ಮಾಗಿದ ಮೇಲೆ ಅಕ್ಕನ ದೀಪ ಮತ್ತೆ ಹೊತ್ತಿಲ್ಲ. ಹಾದುಹೋಗುವವರು ಬಾಗಿಲು ನೋಡಿ, ಪುಣ್ಯವಂತರ ಮನೆ ಎನ್ನುತ್ತಾರೆ. ಒಳಗೆ ಅಕ್ಕ ಕೂತಿರುತ್ತಾಳೆ. ಚಾಪೆ ಅವಳಿಗಿನ್ನೂ ತಿಳಿಯುವುದಿಲ್ಲ.